ಮಗುವಿಗೆ ಯಾವ ಡಾನ್ಸ್ ಕ್ಲಾಸು: ಊರಿನ ಭರತನಾಟ್ಯವೋ, ಬೆಂಗಳೂರಿನ ಬ್ಯಾಲೆಯೋ?

ಎಂಟು ವರ್ಷದ ಮಗಳು ಫೋನಿನಲ್ಲಿ ಬ್ಯಾಲೆ ನೋಡಿ ಅದನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ, ನಾವಿರುವುದು ಹಾಸನದಲ್ಲಿ, ಏನು ಮಾಡೋದು? ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಚಿಕ್ಕಮಗಳೂರಿನವರು ಕೇಳುತ್ತಾರೆ, ಮೂಡಿಗೆರೆ ಕಡೆ ತೋಟದಲ್ಲಿರುವವರು ಕೇಳುತ್ತಾರೆ. ಕೆಲವರ ಮನೆಯಲ್ಲಿ ಮಗನಿಗೆ ಹಿಪ್‌ಹಾಪ್ ಹುಚ್ಚು, ಅಜ್ಜಿಗೆ ಭರತನಾಟ್ಯವೇ ಆಗಬೇಕು, ಅಪ್ಪನಿಗೆ ಇದ್ಯಾವುದೂ ಬೇಡ, ಟ್ಯೂಷನ್ ಒಂದಿದ್ದರೆ ಸಾಕು.

ನನ್ನ ಮಗಳೂ ಕುಣಿಯುವವಳೇ. ಕ್ಲಾಸಿನ ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕ ಕಾಯುತ್ತಾ ಕೂತ ಅಪ್ಪ-ಅಮ್ಮಂದಿರ ಜೊತೆ ಮಾತಾಡಿ ಮಾತಾಡಿ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು-ಹನ್ನೊಂದು ವರ್ಷದವರೆಗೆ ಯಾವ ನೃತ್ಯ ಅನ್ನುವುದಕ್ಕಿಂತ ಯಾವ ಮೇಷ್ಟ್ರು, ಅವರ ಕ್ಲಾಸು ಮನೆಯಿಂದ ಎಷ್ಟು ದೂರ ಅನ್ನುವುದೇ ಮುಖ್ಯ. ಮಾಮೂಲಿ ಮಂಗಳವಾರ ಸಂಜೆ, ಹೊರಗೆ ಮಳೆ, ಹೋಂವರ್ಕ್ ಬಾಕಿ. ಆಗಲೂ ಹೋಗಿ ಬರಲು ಆಗುವ ಕ್ಲಾಸಿನಲ್ಲಿ ಮಗು ಕಲಿಯುತ್ತದೆ. ಅಷ್ಟು ಸುಲಭಕ್ಕೆ ಹೋಗಲಾಗದ ಕ್ಲಾಸು ಎಷ್ಟೇ ದೊಡ್ಡ ಹೆಸರಿನದ್ದಾದರೂ ದೀಪಾವಳಿ ಹೊತ್ತಿಗೆ ನಿಂತುಹೋಗುತ್ತದೆ.

ಇದನ್ನು ಒಪ್ಪದವರೂ ಇದ್ದಾರೆ. ಇರಲಿ. ಈ ಲೆಕ್ಕ ನಿಮ್ಮ ಮನೆಗೆ ಹೊಂದುತ್ತದೋ ಇಲ್ಲವೋ ನೀವೇ ನೋಡಿ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ವಾರಕ್ಕೆ ಎಷ್ಟು ಸಲ ಹೋಗಲು ಆಗುತ್ತದೆ ಅನ್ನುವುದು. ನೃತ್ಯ ಮೈಗೆ ಹತ್ತಬೇಕಾದ ವಿದ್ಯೆ. ವಾರಕ್ಕೆ ಎರಡು ಸಲ ಒಂದೊಂದು ಗಂಟೆ ಹೋದ ಮಗು, ಒಂದೇ ದಿನ ಎರಡು ಗಂಟೆ ಹೋದ ಮಗುವಿಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಮೇಷ್ಟ್ರು ತಿದ್ದಿದ್ದು ಮರೆತುಹೋಗುವ ಮೊದಲೇ ಮತ್ತೆ ಅವರ ಮುಂದೆ ನಿಲ್ಲುತ್ತದೆ ನೋಡಿ, ಅದಕ್ಕೆ.

ಎರಡನೆಯದು, ಕಲಿಸುವವರ ಕಣ್ಣು. ಇದನ್ನು ಅಳೆಯೋದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ನೃತ್ಯ ಗೊತ್ತಿಲ್ಲದವರೂ ನೋಡಬಹುದಾದ ಒಂದು ಜಾಗ ಇದೆ: ಮಂಡಿ. ಭರತನಾಟ್ಯದ ಅರೆಮಂಡಿಯಲ್ಲೂ ಬ್ಯಾಲೆಯ ಪ್ಲಿಯೇಯಲ್ಲೂ ಮಗು ಪಾದಗಳನ್ನು ಹೊರಕ್ಕೆ ತಿರುಗಿಸಿ ಮಂಡಿ ಮಡಿಸುತ್ತದೆ. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಮಗುವನ್ನು ಎದುರಿಗೆ ನಿಲ್ಲಿಸಿ ನೋಡಿ. ಮಂಡಿಚಿಪ್ಪಿನಿಂದ ಕೆಳಗೆ ಒಂದು ದಾರ ಇಳಿಬಿಟ್ಟರೆ ಅದು ಪಾದದ ಎರಡನೇ ಬೆರಳಿನ ನೇರಕ್ಕೆ ಬರಬೇಕು. ಪಾದ ಪೂರ್ತಿ ಅಡ್ಡ ತಿರುಗಿದ್ದು ಮಂಡಿ ಮಾತ್ರ ಮುಂದಕ್ಕೇ ನೋಡುತ್ತಿದ್ದರೆ, ತಿರುವಿನ ಭಾರವೆಲ್ಲ ಮಂಡಿ, ಹರಡಿನ (ಪಾದದ ಗಂಟಿನ) ಮೇಲೆ ಬೀಳುತ್ತಿದೆ ಅಂತ ಅರ್ಥ. ಒಳ್ಳೆಯ ಮೇಷ್ಟ್ರು ಅಲ್ಲೇ ತಾಳ ಹಾಕುವ ತಟ್ಟುಕೋಲು ಕೆಳಗಿಟ್ಟು, ಬಗ್ಗಿ, ಪಾದವನ್ನು ಸ್ವಲ್ಪ ಒಳಕ್ಕೆ ಸರಿಸಿ, "ಇಷ್ಟೇ ಸಾಕು, ಇನ್ನು ಕೂರು" ಅನ್ನುತ್ತಾರೆ. ಇಪ್ಪತ್ತೈದು ಮಕ್ಕಳ ಕ್ಲಾಸಿನಲ್ಲಿ ಎದುರು ಕುರ್ಚಿಯಲ್ಲಿ ಕೂತು ತಾಳ ತಟ್ಟುತ್ತಾ ಫೋನ್ ನೋಡುವವರಿಗೆ ಇದು ಕಾಣುವುದೇ ಇಲ್ಲ. ಒಂದು ಕ್ಲಾಸು ಕೂತು ನೋಡಲು ಬಿಡಿ ಅಂತ ಕೇಳಿ. ಒಂದು ಗಂಟೆಯಲ್ಲಿ ಎಷ್ಟು ಮಕ್ಕಳ ಹತ್ತಿರ ಹೋಗಿ ತಿದ್ದಿದರು ಅಂತ ಮಾತ್ರ ನೋಡಿ. ಗೋಡೆಯ ಮೇಲಿನ ಫೋಟೋ, ಶೀಲ್ಡುಗಳನ್ನು ಆಮೇಲೆ ನೋಡಿದರಾಯಿತು.

ಮೂರನೆಯದು ನೆಲ. ನಮ್ಮ ಕಡೆ ಇದನ್ನು ಯಾರೂ ಕೇಳುವುದಿಲ್ಲ. ಬೇಲೂರು ದೇವಸ್ಥಾನದ ನವರಂಗದಲ್ಲಿ ನುಣ್ಣಗಿರುವ ದುಂಡು ಕಲ್ಲು ತೋರಿಸಿ ಶಾಂತಲೆ ಇಲ್ಲೇ ನರ್ತಿಸಿದಳು ಅಂತ ಗೈಡುಗಳು ಹೇಳುತ್ತಾರೆ. ಸ್ಕೂಲ್ ಡೇ ಭಾಷಣದಲ್ಲೂ ಶಾಂತಲೆಯ ನಾಡು ಅನ್ನುವ ಮಾತು ಬರದೇ ಇರುವುದಿಲ್ಲ. ಆದರೆ ನಮ್ಮ ಮಕ್ಕಳು ವಾರವಾರ ಕುಣಿಯುವುದು ಸಿಮೆಂಟಿನ ಮೇಲೆ ಅಂಟಿಸಿದ ಟೈಲ್ಸ್ ಮೇಲೆ. ಭರತನಾಟ್ಯದಲ್ಲಿ ಪಾದ ತಟ್ಟಬೇಕು, ಬ್ಯಾಲೆಯಲ್ಲಿ ಹಾರಿ ಇಳಿಯಬೇಕು. ಎರಡಕ್ಕೂ ಗಟ್ಟಿ ನೆಲ ಒಳ್ಳೆಯದಲ್ಲ. ಬ್ಯಾಲೆ ಶಾಲೆಗಳಲ್ಲಿ ಕೆಳಗೆ ಸ್ವಲ್ಪ ಪುಟಿಯುವ ಹಾಗೆ ಮರದ ನೆಲ ಹಾಕಿಸುತ್ತಾರೆ. ನಮ್ಮ ಊರಿನ ಕ್ಲಾಸುಗಳಲ್ಲಿ ಅದನ್ನು ನಿರೀಕ್ಷಿಸಲು ಆಗದು. ಹಳೇ ಮನೆಯ ಹಲಗೆಯ ಅಟ್ಟವೋ, ಮರದ ವೇದಿಕೆಯೋ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಹಾರುವುದು ಕಮ್ಮಿ, ಮೈ ಕಾಯಿಸುವುದು ಜಾಸ್ತಿ ಇರುವ ಕ್ಲಾಸು ವಾಸಿ.

ನಾಲ್ಕನೆಯದು ಒಟ್ಟು ಖರ್ಚು. ಫೀಸು ಅದರಲ್ಲಿ ಚಿಕ್ಕ ಪಾಲು. ಓಡಾಟ, ಬಟ್ಟೆ, ಪರೀಕ್ಷೆ, ವಾರ್ಷಿಕೋತ್ಸವದ ವಂತಿಗೆ, ಮೇಕಪ್ ಎಲ್ಲ ಸೇರಿಸಿ ನೋಡಬೇಕು. ಜೊತೆಗೆ, ಯಾರಾದರೂ ಒಬ್ಬರು ಕೆಲಸ ಬಿಟ್ಟು ಕರೆದುಕೊಂಡು ಹೋಗಬೇಕಲ್ವಾ, ಆ ಹೊತ್ತಿಗೂ ಬೆಲೆ ಇದೆ.

ಕಲಿತದ್ದಕ್ಕೆ ಮುಂದೆ ಏನು ದಾರಿ ಅನ್ನುವುದು ಕೊನೆಯದು. ಪರೀಕ್ಷೆ, ವೇದಿಕೆ, ಸ್ಕಾಲರ್‌ಶಿಪ್. ಆರು ವರ್ಷದ ಮಗುವಿಗೆ ಇದರ ಚಿಂತೆ ಬೇಡ. ಹನ್ನೆರಡಾದ ಮೇಲೆ ಬೇಕಾಗುತ್ತದೆ.

ಊರಿನ ಭರತನಾಟ್ಯ ಕ್ಲಾಸು

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಸುಲಭಕ್ಕೆ ಸಿಗುವುದು ಇದೇ. ಬಡಾವಣೆಯಲ್ಲಿ ಯಾರದೋ ಮನೆಯ ಮಹಡಿ ಮೇಲೆ, ದೇವಸ್ಥಾನದ ಹಾಲ್‌ನಲ್ಲಿ, ಶಾಲೆ ಮುಗಿದ ಮೇಲೆ ಅದೇ ಶಾಲೆಯ ಕೋಣೆಯಲ್ಲಿ ಕ್ಲಾಸುಗಳು ನಡೆಯುತ್ತವೆ. ವಾರಕ್ಕೆ ಎರಡು ದಿನ, ನಡೆದೋ ಸ್ಕೂಟಿಯಲ್ಲೋ ಹೋಗಿ ಬರುವಷ್ಟು ದೂರ. ಮೊದಲ ಅಳತೆಯಲ್ಲಿ ಇದನ್ನು ಯಾವುದೂ ಸೋಲಿಸುವುದಿಲ್ಲ.

ಮುಂದಿನ ದಾರಿಯೂ ಸ್ಪಷ್ಟ. ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳಿವೆ. ಕುಣಿಯುವುದರ ಜೊತೆಗೆ ಥಿಯರಿಯೂ ಬರೆಯಬೇಕು. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಭರತನಾಟ್ಯಕ್ಕೆ ಜಾಗ ಇದೆ. ಗಣೇಶನ ಹಬ್ಬ, ರಾಜ್ಯೋತ್ಸವ, ಹಾಸನಾಂಬ ಕಲಾಕ್ಷೇತ್ರದ ಅಥವಾ ಕುವೆಂಪು ಕಲಾಮಂದಿರದ ಕಾರ್ಯಕ್ರಮ ಅಂತ ವರ್ಷಕ್ಕೆ ಒಂದೆರಡು ಸಲವಾದರೂ ವೇದಿಕೆ ಸಿಗುತ್ತದೆ. ಕೇಂದ್ರ ಸರ್ಕಾರದ ಕಲೆ-ಸಂಸ್ಕೃತಿ ತರಬೇತಿ ಸಂಸ್ಥೆ ಸಿಸಿಆರ್‌ಟಿಯ ಸ್ಕಾಲರ್‌ಶಿಪ್ 10ರಿಂದ 14 ವರ್ಷದ ಮಕ್ಕಳಿಗೆ ಇದೆ. ಗುರುಗಳಿಗೆ ಕೊಡುವ ಫೀಸಿಗೂ ಅದರಲ್ಲಿ ನೆರವಿದೆ. ಆ ವಯಸ್ಸು ದಾಟಿದ ಮೇಲೆ ನೆನಪಾಗಿ ಕೈ ಹಿಸುಕಿಕೊಂಡವರನ್ನು ನೋಡಿದ್ದೇನೆ. ಹತ್ತು ತುಂಬುತ್ತಿದ್ದ ಹಾಗೇ ಗುರುಗಳನ್ನು ಕೇಳಿ.

ಇದರ ಕಷ್ಟಗಳೂ ಇವೆ. ಮೊದಲ ವರ್ಷ ಪೂರ್ತಿ ಅಡವುಗಳೇ, ಅಂದರೆ ಮೂಲ ಹೆಜ್ಜೆಗಳೇ. ತಟ್ಟಡವು, ನಾಟಡವು, ಮತ್ತೆ ತಟ್ಟಡವು. ಹಾಡಿಗೆ ಕುಣಿಯುವ ಆಸೆಯಿಂದ ಬಂದ ಮಗುವಿಗೆ ಬೇಜಾರಾಗುವುದು ಸಹಜ. ಅದನ್ನು ಕಂಡು ಕೆಲವು ಕ್ಲಾಸುಗಳಲ್ಲಿ ಮೂರನೇ ತಿಂಗಳಿಗೇ ದೇವರನಾಮ ಹೇಳಿಕೊಟ್ಟು ವೇದಿಕೆ ಹತ್ತಿಸುತ್ತಾರೆ. ಅಪ್ಪ-ಅಮ್ಮನಿಗೆ ಖುಷಿ, ವಿಡಿಯೋ ತೆಗೆಯಲು ಚೆನ್ನ. ಅಡವು ಮಾತ್ರ ಹಾಗೇ ಅರ್ಧಕ್ಕೆ ನಿಲ್ಲುತ್ತದೆ. ಬೇಗ ವೇದಿಕೆ ಹತ್ತಿಸುವ ಕ್ಲಾಸಿನ ಬಗ್ಗೆ ನನಗೆ ಸ್ವಲ್ಪ ಅನುಮಾನವೇ.

ಇನ್ನೊಂದು ರಂಗಪ್ರವೇಶದ, ಅಂದರೆ ಮಗು ಮೊದಲ ಸಲ ಒಬ್ಬಳೇ ಪೂರ್ಣ ಕಾರ್ಯಕ್ರಮ ಕೊಡುವುದರ ಖರ್ಚು. ಹಾಲ್ ಬಾಡಿಗೆ, ನಟುವಾಂಗ (ತಾಳ ಹಾಕಿ ಸೊಲ್ಲು ಹೇಳುವುದು), ಹಾಡುಗಾರಿಕೆ, ಮೃದಂಗ, ಕೊಳಲು ಅಥವಾ ಪಿಟೀಲು, ಅವರೆಲ್ಲರ ರಿಹರ್ಸಲ್‌ಗೂ ಸಂಭಾವನೆ, ಎರಡು-ಮೂರು ಜೊತೆ ಉಡುಪು, ಆಭರಣ, ಕಾರ್ಡು, ಬಂದವರಿಗೆ ಊಟ, ಗುರುಕಾಣಿಕೆ. ಒಂದು ಸಣ್ಣ ಮದುವೆಯೇ ಸರಿ. ಲಕ್ಷಗಳ ಮಾತು. ಇದನ್ನು ಮಾಡಲೇಬೇಕು ಅಂತ ಎಲ್ಲೂ ಬರೆದಿಲ್ಲ. ಪರೀಕ್ಷೆ ಕಟ್ಟಲು ರಂಗಪ್ರವೇಶ ಬೇಕಿಲ್ಲ. ಸೇರಿಸುವಾಗಲೇ ಗುರುಗಳ ಹತ್ತಿರ ನಮ್ಮ ಕೈಲಿ ಅಷ್ಟೆಲ್ಲ ಆಗಲ್ಲ ಅಂತ ನಯವಾಗಿ ಹೇಳಿಡುವುದು ಒಳ್ಳೆಯದು. ಅದಕ್ಕೆ ಮುಖ ಸಿಂಡರಿಸುವವರ ಹತ್ತಿರ ಕಲಿಸದಿದ್ದರೂ ನಷ್ಟವಿಲ್ಲ. ಮೊದಲ ಸಲ ಗೆಜ್ಜೆ ಕಟ್ಟುವ ಗೆಜ್ಜೆಪೂಜೆಯನ್ನು ನಾಲ್ಕು ಮಕ್ಕಳಿಗೆ ಒಟ್ಟಿಗೆ ಮಾಡಿಸುವ ಗುರುಗಳಿದ್ದಾರೆ. ಖರ್ಚು ಹಂಚಿಹೋಗುತ್ತದೆ, ಮಕ್ಕಳಿಗೂ ಹೆದರಿಕೆ ಕಮ್ಮಿ.

ಸ್ಕೂಲ್ ಡೇಗೆ ಉಡುಪು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಬೆಳೆಯುವ ಮಗುವಿಗೆ ಹೊಲಿಸಿದ ಉಡುಪು ಎರಡನೇ ವರ್ಷಕ್ಕೆ ಆಗುವುದಿಲ್ಲ.

ಬೆಂಗಳೂರಿನ ಬ್ಯಾಲೆ

ಒಳ್ಳೆಯ ಬ್ಯಾಲೆ ತರಬೇತಿಗೆ ನಮ್ಮ ಕಡೆಯವರು ಬೆಂಗಳೂರನ್ನೇ ನೋಡಬೇಕು. ಇಲ್ಲಿ ಮೊದಲು ಲೆಕ್ಕ ಹಾಕೋಣ. ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ. ಹೋಗಿ ಬರಲು 370. ತಿಂಗಳಿಗೆ ನಾಲ್ಕು ಭಾನುವಾರ ಅಂದರೆ ಹತ್ತಿರ ಹತ್ತಿರ 1,500 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 100 ಲೀಟರ್ ಪೆಟ್ರೋಲ್. ಅಂದರೆ ಹತ್ತು ಸಾವಿರ ರೂಪಾಯಿ ಬರೀ ಪೆಟ್ರೋಲಿಗೆ, ಟೋಲ್ ಬೇರೆ. ಚಿಕ್ಕಮಗಳೂರಿನಿಂದಾದರೆ ದೂರ ಸುಮಾರು 245 ಕಿ.ಮೀ. ಖರ್ಚು ಮೂರನೇ ಒಂದು ಭಾಗ ಜಾಸ್ತಿ. ಹಾಸನದವರು ಏಳೆಂಟು ಗಂಟೆ, ಚಿಕ್ಕಮಗಳೂರಿನವರು ಹತ್ತು ಗಂಟೆ ರಸ್ತೆಯಲ್ಲಿ ಕಳೆದರೆ ಮಗುವಿಗೆ ಸಿಗುವುದು ಒಂದೋ ಒಂದೂವರೆಯೋ ಗಂಟೆಯ ಪಾಠ. ಸೋಮವಾರ ಬೆಳಿಗ್ಗೆ ಶಾಲೆ.

ಖರ್ಚು ಇಳಿಸಲು ದಾರಿ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸು ಉಚಿತ. ಅಮ್ಮ-ಮಗಳು ಹೋದರೆ ಟಿಕೆಟ್ ದುಡ್ಡು ಉಳಿಯುತ್ತದೆ, ರಾಜಹಂಸ, ಐರಾವತಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ದಾರಿ ಆದ ಮೇಲೆ ಹಾಸನದವರಿಗೆ ಆ ಅನುಕೂಲವೂ ಇದೆ. ದುಡ್ಡು ಉಳಿಯಬಹುದು, ಮಗುವಿನ ಭಾನುವಾರ ಉಳಿಯುವುದಿಲ್ಲ.

ಈಗ ಬ್ಯಾಲೆಯ ವಿಷಯಕ್ಕೆ ಬರೋಣ. ಏಳೆಂಟು ವರ್ಷದ ಒಳಗಿನ ಮಕ್ಕಳಿಗೆ ಒಳ್ಳೆಯ ಬ್ಯಾಲೆ ಶಾಲೆಯಲ್ಲಿ ಮಾಡಿಸುವುದು ಆಟದ ಹಾಗಿನ ಚಲನೆ, ತಾಳಕ್ಕೆ ನಡೆಯುವುದು, ಕೇಳುವುದು, ಸರದಿಗೆ ಕಾಯುವುದು. ಇದಕ್ಕೋಸ್ಕರ 370 ಕಿ.ಮೀ. ಓಡಾಡಬೇಕಾಗಿಲ್ಲ, ಊರಲ್ಲೇ ಯಾವ ಒಳ್ಳೆಯ ಡಾನ್ಸ್ ಕ್ಲಾಸಿನಲ್ಲೂ ಸಿಗುತ್ತದೆ. ಎಂಟರ ಮೇಲೆ ನಿಜವಾದ ಪಾಠ ಶುರು. ಗೋಡೆ ಪಕ್ಕದ ಕಂಬಿ ಹಿಡಿದು ನಿಧಾನಕ್ಕೆ ಮಂಡಿ ಮಡಿಸುವುದು, ಪಾದ ಚಾಚುವುದು, ಪಾದಗಳ ಐದು ಸ್ಥಾನಗಳು. ಹೆಸರುಗಳೆಲ್ಲ ಫ್ರೆಂಚ್. ಹದಿನಾಲ್ಕನೇ ಲೂಯಿ 1661ರಲ್ಲಿ ಪ್ಯಾರಿಸ್ಸಿನಲ್ಲಿ ನೃತ್ಯದ ಅಕಾಡೆಮಿ ಮಾಡಿದ ಕಾಲದಿಂದ ಬಂದ ಸಂಪ್ರದಾಯ ಅದು. ಪರೀಕ್ಷೆ ಬೇಕೆಂದರೆ 1920ರಲ್ಲಿ ಶುರುವಾದ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡಾನ್ಸ್‌ನ ಗ್ರೇಡುಗಳಿವೆ. ಪ್ರೈಮರಿಯಿಂದ ಎಂಟನೇ ಗ್ರೇಡ್‌ವರೆಗೆ ಹೋಗುತ್ತವೆ. ನೃತ್ಯವನ್ನೇ ಕಸುಬು ಮಾಡಿಕೊಳ್ಳುವವರಿಗೆ ಬೇರೆ ಹಂತಗಳಿವೆ. ಶಾಲೆ ಆರಿಸುವಾಗ ಯಾವ ಪದ್ಧತಿಯಲ್ಲಿ ಕಲಿಸುತ್ತೀರಿ, ನೀವು ಯಾರ ಹತ್ತಿರ ಕಲಿತಿರಿ ಅಂತ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅದೇ ಉತ್ತರ.

ಬೆರಳ ತುದಿಯ ಮೇಲೆ ನಿಲ್ಲುವ ಆ ಶೂ ವಿಷಯವನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಮಕ್ಕಳಿಗೆ ಬ್ಯಾಲೆ ಅಂದರೆ ಅದೇ. ಸ್ಯಾಟಿನ್ ರಿಬ್ಬನ್ನಿನ ಪಾಯಿಂಟ್ ಶೂಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಹುಟ್ಟುಹಬ್ಬಕ್ಕೆ ತರಿಸಿಕೊಟ್ಟ ಮಾವಂದಿರೂ ಇದ್ದಾರೆ. ದಯವಿಟ್ಟು ಬೇಡ. ಸಾಮಾನ್ಯವಾಗಿ ಹನ್ನೊಂದು-ಹನ್ನೆರಡು ವರ್ಷಕ್ಕೆ ಮೊದಲು, ಅದೂ ಕೆಲವು ವರ್ಷ ವಾರಕ್ಕೆ ಎರಡು-ಮೂರು ಸಲ ಕಲಿತು ಹರಡು, ಪಾದ, ಹೊಟ್ಟೆಯ ಸ್ನಾಯು ಗಟ್ಟಿಯಾಗುವ ಮೊದಲು ಆ ಶೂ ಹಾಕಿಸುವುದಿಲ್ಲ. ವಯಸ್ಸು ಆಯಿತು ಅಂತಲೂ ಹಾಕಿಸುವುದಿಲ್ಲ. ಶಿಕ್ಷಕರು ನೋಡಿ ಹೇಳಬೇಕು, ಅಳತೆ ನೋಡಿ ಕೊಳ್ಳಬೇಕು. ಬೆಳೆಯುತ್ತಿರುವ ಪಾದದ ಎಳೆ ಮೂಳೆಗಳ ಮೇಲೆ ಇಡೀ ಮೈಭಾರ ಬೀಳುತ್ತದೆ. ವಾರಕ್ಕೊಂದೇ ಕ್ಲಾಸಿಗೆ ಹೋಗುವ ಮಗುವಿಗೆ ಒಂದೇ ವರ್ಷದಲ್ಲಿ ಪಾಯಿಂಟ್ ಹಾಕಿಸುತ್ತೇವೆ ಅನ್ನುವ ಕ್ಲಾಸು ಸಿಕ್ಕರೆ ಬಾಗಿಲಿನಿಂದಲೇ ವಾಪಸ್ ಬನ್ನಿ. ಶುರುವಿಗೆ ಬೇಕಾಗಿರುವುದು ತೆಳು ಚರ್ಮದ ಅಥವಾ ಕ್ಯಾನ್ವಾಸಿನ ಮೆತ್ತನೆ ಶೂ ಅಷ್ಟೇ. ಮನೆಯಲ್ಲಿ ಕಂಬಿಯ ಬದಲು ಭಾರದ ಕುರ್ಚಿಯ ಬೆನ್ನು ಸಾಕು.

ಹಾಗಾದರೆ ಬ್ಯಾಲೆ ಆಸೆ ಬಿಟ್ಟುಬಿಡಬೇಕಾ? ಬೇಡ. ನನಗೆ ಸರಿ ಅನ್ನಿಸುವ ಮಧ್ಯದ ದಾರಿ ರಜೆ. ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಚಿಕ್ಕಮ್ಮನೋ ಸೋದರಮಾವನೋ ಇದ್ದರೆ ಮೂರು-ನಾಲ್ಕು ವಾರ ಅವರ ಮನೆಯಲ್ಲಿಟ್ಟು ದಿನಾ ಕ್ಲಾಸಿಗೆ ಕಳಿಸಿ. ದಸರಾ ರಜೆಯಲ್ಲಿ ಇನ್ನೊಂದು ಸುತ್ತು. ಹೀಗೆ ಸಾಲಾಗಿ ಇಪ್ಪತ್ತು ದಿನ ಕಲಿತದ್ದು ಚದುರಿದ ಇಪ್ಪತ್ತು ಭಾನುವಾರಗಳಿಗಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಆಸೆ ಎಷ್ಟು ಗಟ್ಟಿ ಅನ್ನುವುದೂ ಗೊತ್ತಾಗುತ್ತದೆ. ವಾರಪೂರ್ತಿ ಕಂಬಿ ಹಿಡಿದು ಅದದೇ ಮಾಡಿದ ಮೇಲೂ ನಾಳೆ ಎಷ್ಟು ಹೊತ್ತಿಗೆ ಹೋಗೋಣ ಅಂತ ಕೇಳಿದರೆ ಆಸೆ ಗಟ್ಟಿ. ಮೂರನೇ ದಿನಕ್ಕೆ ಕಸಿನ್ನುಗಳ ಜೊತೆ ಮಾಲ್‌ಗೆ ಹೋಗ್ತೀನಿ ಅಂದರೆ, ಅದೂ ಒಂದು ಉತ್ತರವೇ.

ಉಳಿದ ವರ್ಷ ಊರಲ್ಲಿ ಭರತನಾಟ್ಯ ಕಲಿತರೆ ಬ್ಯಾಲೆಗೆ ಏನು ಸಿಗುತ್ತದೆ? ತಾಳ, ನೆನಪು, ತೊಡೆಯ ಶಕ್ತಿ, ಸೊಂಟದಿಂದ ತಿರುಗುವ ಅಭ್ಯಾಸ. ಸಿಗದೇ ಇರುವುದೂ ಇದೆ. ಭರತನಾಟ್ಯದಲ್ಲಿ ಮೈಭಾರ ಕೆಳಗೆ, ನೆಲದ ಕಡೆಗೆ. ಬ್ಯಾಲೆಯಲ್ಲಿ ಎಲ್ಲ ಮೇಲಕ್ಕೆ, ಮಂಡಿ ಚಾಚಿ, ಪಾದ ಸೆಟೆದು. ಒಂದರಲ್ಲಿ ಬೆಳೆದ ಮೈಗೆ ಇನ್ನೊಂದು ಒಗ್ಗಲು ಸಮಯ ಬೇಕು. ಆದರೆ ಏನೂ ಮಾಡದೆ ಫೋನು ನೋಡುತ್ತಾ ಕೂತ ಮೈಗಿಂತ ಬೇಗ ಒಗ್ಗುತ್ತದೆ.

ಊರು ಬಿಟ್ಟು ನೃತ್ಯ ಕಲಿಯಲು ಕಳಿಸುವುದು ನಮ್ಮ ಕಡೆಗೆ ಹೊಸದೇನಲ್ಲ. ಭರತನಾಟ್ಯದ ಮೈಸೂರು ಶೈಲಿಯ ದೊಡ್ಡ ಹೆಸರು ವೆಂಕಟಲಕ್ಷಮ್ಮ 1906ರಲ್ಲಿ ಹುಟ್ಟಿದ್ದು ಕಡೂರಿನ ತಂಗಲಿ ತಾಂಡ್ಯದ ಲಂಬಾಣಿ ಮನೆಯಲ್ಲಿ. ಎಂಟನೇ ವಯಸ್ಸಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಹತ್ತಿರ ಸೇರಿದರು. ಮುಂದೆ 1992ರಲ್ಲಿ ಪದ್ಮಭೂಷಣ ಬಂತು. ಬ್ಯಾಲೆಯಲ್ಲಿ 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲ್ ಸೇರಿದ ಮುಂಬೈ ಕಡೆಯ ಅಮೀರುದ್ದೀನ್ ಷಾ ವೆಲ್ಡಿಂಗ್ ಕೆಲಸದವರ ಮಗ. ಇಬ್ಬರ ಕತೆಯಲ್ಲೂ ನನಗೆ ಕಾಣುವುದು ಒಂದೇ. ಗುರು ಇದ್ದ ಊರಲ್ಲೇ ಇದ್ದು ಕಲಿತರು. ಭಾನುವಾರ ಹೋಗಿ ಬಂದವರಲ್ಲ.

ಫಿಲ್ಮಿ, ವೆಸ್ಟರ್ನ್ ಸ್ಟುಡಿಯೋ

ಇದನ್ನು ಕೀಳಾಗಿ ನೋಡುವುದು ಸರಿಯಲ್ಲ. ನಾಚಿಕೆಯ ಮಗು, ಗುಂಪಿನಲ್ಲಿ ಬೆರೆಯದ ಮಗು, ಕೂತಲ್ಲಿ ಕೂರದ ಮಗು ಇಲ್ಲಿ ಬೇಗ ಅರಳುತ್ತದೆ. ಗಂಡುಮಕ್ಕಳು ಹೆಚ್ಚಾಗಿ ಬರುವುದು ಇಲ್ಲಿಗೇ. ಕನ್ನಡಿ ಇರುತ್ತದೆ, ಮ್ಯಾಟ್ ಇರುತ್ತದೆ. ಬೇಜಾರಾದರೆ ಬಿಟ್ಟರೂ ಯಾರೂ ಏನೂ ಅನ್ನುವುದಿಲ್ಲ.

ಎರಡು ವಿಷಯಕ್ಕೆ ಎಚ್ಚರ. ಸ್ಪ್ಲಿಟ್ಸ್ (ಎರಡೂ ಕಾಲು ಪೂರ್ತಿ ಚಾಚಿ ನೆಲಕ್ಕೆ ಕೂರುವುದು) ಬರಲಿ ಅಂತ ಮಗುವಿನ ಬೆನ್ನ ಮೇಲೋ ಹೆಗಲ ಮೇಲೋ ಕೂತು ಒತ್ತುವುದನ್ನು ಕಂಡರೆ ಆ ದಿನವೇ ಬಿಡಿಸಿ. ಎರಡನೆಯದು ಸ್ಪರ್ಧೆಗಳು. ನಮಗೂ ಒಂದು ಸಲ ಹೀಗೆ ಆಯಿತು. ಆಡಿಷನ್‌ನಲ್ಲಿ ಸೆಲೆಕ್ಟ್ ಆಗಿದೆ, ರಿಜಿಸ್ಟ್ರೇಷನ್ ಕಟ್ಟಿ ಅಂದರು, ಕಟ್ಟಿದೆವು. ಮುಂದಿನ ಸುತ್ತಿಗೆ ಮತ್ತೆ ದುಡ್ಡು ಕೇಳಿದರು. ವಿಚಾರಿಸಿದರೆ ಬಂದ ಮಕ್ಕಳೆಲ್ಲ ಸೆಲೆಕ್ಟ್! ಟ್ರೋಫಿಗೆ ಎಷ್ಟು, ಕಾಸ್ಟ್ಯೂಮಿಗೆ ಎಷ್ಟು ಅಂತ ಸೇರಿಸುವ ಮೊದಲೇ ಕೇಳಿ. ಏಳು ವರ್ಷದ ಮಗುವಿಗೆ ಯಾವ ಹಾಡು ಆರಿಸುತ್ತಾರೆ ಅಂತಲೂ ನೋಡಿ.

ನಾಲ್ಕನೇ ಅಳತೆಯಲ್ಲಿ ಇದು ಅಗ್ಗ ಅಂತ ಕಂಡರೂ ಸ್ಪರ್ಧೆಗಳ ಲೆಕ್ಕ ಸೇರಿದರೆ ಅಷ್ಟೇನೂ ಅಗ್ಗವಲ್ಲ. ಐದನೆಯದರಲ್ಲಿ ಹಿಂದೆ ಬೀಳುತ್ತದೆ, ಪರೀಕ್ಷೆಯ ದಾರಿ ಇಲ್ಲಿಲ್ಲ. ಬರೀ ಮೈ ಸಡಿಲವಾಗಲಿ, ಖುಷಿಯಾಗಿರಲಿ ಅನ್ನುವವರಿಗೆ ಅದು ಕೊರತೆಯೇ ಅಲ್ಲ.

ಯಕ್ಷಗಾನ

ಕೊಪ್ಪ, ಶೃಂಗೇರಿ ಕಡೆಯವರು ಚಿಕ್ಕಮಗಳೂರಿಗೆ ಭರತನಾಟ್ಯಕ್ಕೆ ಅಂತ ಮಗುವನ್ನು ಕರೆತರುವ ಮೊದಲು ಹತ್ತಿರದಲ್ಲಿ ಯಕ್ಷಗಾನ ಕಲಿಸುವವರು ಯಾರಿದ್ದಾರೆ ಅಂತ ವಿಚಾರಿಸಿ. ಹೆಜ್ಜೆಯ ಜೊತೆ ತಾಳ, ಮಾತು, ಪುರಾಣದ ಕತೆ ಎಲ್ಲ ಒಟ್ಟಿಗೆ ಬರುತ್ತದೆ. ವೇದಿಕೆ ಹೆದರಿಕೆ ಹೋಗುತ್ತದೆ, ಕನ್ನಡ ಚೆನ್ನಾಗುತ್ತದೆ. ಈಗ ಹೆಣ್ಣುಮಕ್ಕಳೂ ಧಾರಾಳವಾಗಿ ಕಲಿಯುತ್ತಾರೆ. ಯಕ್ಷಗಾನದ ಆಟ ರಾತ್ರಿ ಹೊತ್ತಿನದು, ಶಾಲೆಯ ದಿನಗಳಲ್ಲಿ ನಿದ್ದೆ ಕೆಡುತ್ತದೆ, ಅದೊಂದೇ ಕಷ್ಟ. ಕುಣಿತಕ್ಕಿಂತ ಕತೆ ಇಷ್ಟಪಡುವ ಮಗುವಿಗೆ ನಾನು ಮೊದಲು ಹೇಳುವುದು ಇದನ್ನೇ.

ಆನ್‌ಲೈನ್

ಹತ್ತು ವರ್ಷದ ಮೇಲೆ, ಮೂಲ ಪಾಠ ಗಟ್ಟಿಯಾದ ಮೇಲೆ, ಈಗಾಗಲೇ ಮುಖ ಕಂಡಿರುವ ಶಿಕ್ಷಕರ ಹತ್ತಿರ ಆದರೆ ಪರವಾಗಿಲ್ಲ. ರಜೆಯಲ್ಲಿ ಬೆಂಗಳೂರಿನಲ್ಲಿ ಕಲಿತದ್ದನ್ನು ವಾರಕ್ಕೊಮ್ಮೆ ತೋರಿಸಿ ತಿದ್ದಿಸಿಕೊಳ್ಳಲು ಇದು ಬಹಳ ಉಪಯೋಗ. ಫೋನನ್ನು ಸೊಂಟದ ಎತ್ತರಕ್ಕೆ ಇಟ್ಟು ಪಾದ ಪೂರ್ತಿ ಕಾಣುವ ಹಾಗೆ ದೂರ ನಿಲ್ಲಿಸಿ. ಹೆಚ್ಚಿನ ಮನೆಗಳಲ್ಲಿ ಮಗುವಿನ ಮುಖ ಕಾಣುತ್ತದೆ, ಪಾದ ಕಾಣುವುದಿಲ್ಲ. ತಿದ್ದಬೇಕಾದದ್ದು ಪಾದವನ್ನು!

ಆರು ವರ್ಷದ ಮಗುವಿಗೆ ಇದು ಬೇಡವೇ ಬೇಡ. ಜುಲೈ ತಿಂಗಳಲ್ಲಿ ತೋಟದ ಮನೆಗಳಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲ, ನೆಟ್‌ವರ್ಕ್ ಕತೆಯೂ ಅಷ್ಟೇ. ಹೋದ ಕ್ಲಾಸಿಗೆ ಬದಲಿ ಕ್ಲಾಸು ಕೊಡುತ್ತಾರಾ ಅಂತ ಕೇಳಿಕೊಂಡು ದುಡ್ಡು ಕಟ್ಟಿ. ರೆಕಾರ್ಡ್ ಮಾಡಿದ ವಿಡಿಯೋ ಪಾಠಕ್ಕೆ ದುಡ್ಡು ದಂಡ. ತಪ್ಪು ಮಾಡಿದರೆ ಅದು ತಿದ್ದುವುದಿಲ್ಲವಲ್ಲ.

ಯಾವುದನ್ನು ಆರಿಸಿದರೂ ಮನೆಯ ಕೆಲಸ ಒಂದೇ

ಕುಣಿಯುವ ಮಗುವಿಗೆ ಹೊಟ್ಟೆ ತುಂಬ ಊಟ ಬೇಕು. ಶಾಲೆಯಿಂದ ಬಂದು ನೇರ ಕ್ಲಾಸಿಗೆ ಓಡುವ ಮಗುವಿಗೆ ಒಂದು ಬಾಳೆಹಣ್ಣು, ಎರಡು ಚಪಾತಿ, ಕಡಲೆಕಾಯಿ ಚಿಕ್ಕಿ, ಏನಾದರೂ ಒಂದು. ದಪ್ಪ ಆಗಿದ್ದೀಯ, ಕಾಸ್ಟ್ಯೂಮ್ ಹಿಡಿಯಲ್ಲ ಅನ್ನುವ ಮಾತು ಮನೆಯಲ್ಲೂ ಬೇಡ, ಕ್ಲಾಸಿನಲ್ಲೂ ಬೇಡ. ಬ್ಯಾಲೆಯಲ್ಲಿ ತೆಳ್ಳಗಿರಬೇಕು ಅನ್ನುವ ಒತ್ತಡ ಜಾಸ್ತಿ. ಊಟ ಬಿಟ್ಟ ಹುಡುಗಿಯರಿಗೆ ಮುಟ್ಟು ಏರುಪೇರಾಗುವುದು, ಮೂಳೆ ಸೊರಗಿ ಬಿರುಕು ಬಿಡುವುದು ಎಲ್ಲ ವೈದ್ಯರು ಕಂಡಿರುವ ವಿಷಯಗಳೇ.

ಹತ್ತು-ಹದಿಮೂರರ ನಡುವೆ ಹುಡುಗಿಯರು, ಒಂದೆರಡು ವರ್ಷ ತಡವಾಗಿ ಹುಡುಗರು, ಇದ್ದಕ್ಕಿದ್ದ ಹಾಗೆ ಉದ್ದ ಆಗುತ್ತಾರೆ. ಆಗ ನಿನ್ನೆವರೆಗೆ ಬರುತ್ತಿದ್ದದ್ದು ಇವತ್ತು ಬರುವುದಿಲ್ಲ. ಮೈ ಬಿಗಿಯುತ್ತದೆ, ಸಮತೋಲ ತಪ್ಪುತ್ತದೆ, ಹಿಮ್ಮಡಿ, ಮಂಡಿಯ ಕೆಳಗೆ ನೋವು ಬರುತ್ತದೆ. ಸೋಮಾರಿ ಆಗಿದ್ದಾಳೆ ಅಂತ ಬೈಯುವ ಕಾಲ ಅದಲ್ಲ. ಹಾರುವುದು, ಜೋರಾಗಿ ತಟ್ಟುವುದು ಕೆಲವು ತಿಂಗಳು ಕಮ್ಮಿ ಮಾಡಿಸಿ ಅಂತ ಮೇಷ್ಟ್ರಿಗೆ ನೀವೇ ಹೇಳಿ. ಒಂದೇ ಜಾಗದಲ್ಲಿ ನೋವು ಎರಡು ವಾರ ದಾಟಿದರೆ, ಊತ ಬಂದರೆ, ರಾತ್ರಿ ನೋವಿಗೆ ಎಚ್ಚರವಾದರೆ ಎಣ್ಣೆ ಹಚ್ಚಿ ಕೂರಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಇನ್ನೊಬ್ಬ ಮೇಷ್ಟ್ರು ಬೇಡ. ಅಭ್ಯಾಸ ಮಾಡಿದೆಯಾ ಅಂತ ಕೇಳಿ, ಸಾಕು. ಕೈ ಹಾಗೆ ಅಲ್ಲ ಹೀಗೆ ಅಂತ ಯೂಟ್ಯೂಬ್ ನೋಡಿ ತಿದ್ದಲು ಹೋದರೆ ಮಗುವಿಗೂ ಗೊಂದಲ, ಗುರುಗಳಿಗೂ ಕಿರಿಕಿರಿ.

ನಿಮ್ಮ ಮನೆಗೆ ಯಾವುದು

ಐದರಿಂದ ಏಳು ವರ್ಷ ಅಂದರೆ ಮನೆಗೆ ಹತ್ತಿರದ ಕ್ಲಾಸು, ಯಾವುದಾದರೂ ಸರಿ. ಮೇಷ್ಟ್ರು ನಗುತ್ತಾರಾ ನೋಡಿ.

ಎಂಟರಿಂದ ಹನ್ನೊಂದು, ಬ್ಯಾಲೆ ಹುಚ್ಚು ಇದೆ, ಬಜೆಟ್ ಸಾಧಾರಣ ಅಂದರೆ ಊರಲ್ಲಿ ಭರತನಾಟ್ಯ, ರಜೆಯಲ್ಲಿ ಬೆಂಗಳೂರು. ಬೆಂಗಳೂರಿನಲ್ಲಿ ನೆಂಟರು ಇಲ್ಲದಿದ್ದರೆ ಈ ದಾರಿ ದುಬಾರಿ. ಆಗ ಊರಲ್ಲೇ ಗಟ್ಟಿಯಾಗಿ ಕಲಿಯಲಿ, ಬ್ಯಾಲೆ ಹನ್ನೆರಡರ ಮೇಲೆ ನೋಡೋಣ ಅಂತ ಮಗುವಿಗೆ ನೇರವಾಗಿಯೇ ಹೇಳಿ. ಮಕ್ಕಳಿಗೆ ದುಡ್ಡಿನ ವಿಷಯ ಅರ್ಥವಾಗುತ್ತದೆ.

ದುಡ್ಡಿನ ತೊಂದರೆ ಇಲ್ಲ, ಕಾರು ಇದೆ, ಪ್ರತಿ ಭಾನುವಾರ ಹೋಗೋಣ ಅನ್ನುವವರು ಮೊದಲು ಎರಡು ತಿಂಗಳು ಹೋಗಿ ನೋಡಿ. ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಮಗುವಾದರೆ ಎರಡು ವಾರದಲ್ಲೇ ತೀರ್ಮಾನ ಆಗುತ್ತದೆ.

ಹನ್ನೆರಡು ದಾಟಿ, ಮೂರು-ನಾಲ್ಕು ವರ್ಷದಿಂದ ಬಿಡದೆ ಕುಣಿಯುತ್ತಿರುವ ಮಗು ಇದೇ ನನ್ನ ದಾರಿ ಅಂದರೆ, ಆಗ ಬೆಂಗಳೂರು ಅಥವಾ ಮೈಸೂರಿನಲ್ಲಿ ಓದಿಸುವ ಮಾತನ್ನು ಮನೆಯಲ್ಲಿ ತೆಗೆಯಬಹುದು. ಮೊದಲು ಬೇರೆ ಊರಿನ ಇನ್ನೊಬ್ಬ ಗುರುವಿನ ಮುಂದೆ ಒಮ್ಮೆ ಕುಣಿಸಿ ಅಭಿಪ್ರಾಯ ಕೇಳಿ. ನಮ್ಮ ಮಗು ನಮಗೆ ಯಾವಾಗಲೂ ಚೆಂದ ಕಾಣುತ್ತದೆ, ಊರಿನ ಗುರುಗಳಿಗೂ ಅಷ್ಟೇ. ಎಸ್ಸೆಸ್ಸೆಲ್ಸಿ ವರ್ಷ ಪೂರ್ತಿ ನಿಲ್ಲಿಸಬೇಡಿ, ವಾರಕ್ಕೊಂದು ಕ್ಲಾಸು ಉಳಿಸಿಕೊಳ್ಳಿ. ಒಂದು ವರ್ಷ ಬಿಟ್ಟ ಮೈ ಮತ್ತೆ ಹದಕ್ಕೆ ಬರಲು ಬಹಳ ಕಾಲ ಹಿಡಿಯುತ್ತದೆ, ಅಷ್ಟರಲ್ಲಿ ಪಿಯುಸಿ ಬಂದಿರುತ್ತದೆ.

ಎಲ್ಲಿ ಸೇರಿಸಿದರೂ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ. ಡ್ರೆಸ್ಸು, ಗೆಜ್ಜೆ, ಶೂ ಮೊದಲ ದಿನವೇ ಬೇಡ. ಒಂದು ತಿಂಗಳ ಫೀಸು ಕಟ್ಟಿ, ರಸೀದಿ ತೆಗೆದುಕೊಳ್ಳಿ, ಹಳೇ ಟೀಶರ್ಟು ಪ್ಯಾಂಟಿನಲ್ಲಿ ಹೋಗಲಿ. ಜೂನ್-ಜುಲೈ ಮಳೆಯಲ್ಲಿ ನೆಗಡಿ, ಜ್ವರ, ಶಾಲೆಗೆ ರಜೆ ಅಂತ ಕ್ಲಾಸು ತಪ್ಪುತ್ತಲೇ ಇರುತ್ತವೆ. ಆ ಎರಡು ತಿಂಗಳ ಹಾಜರಿ ನೋಡಿಕೊಂಡು ಮುಂದಿನದಕ್ಕೆ ದುಡ್ಡು ಕಟ್ಟಿ.